ವಿಮಾನ ಒಂದು ತಾಸು, ಉಳಿದ ದಾರಿ ಐದು ತಾಸು

ಸೊಲ್ಲಾಪುರ: ಹೋಟಗಿ ರಸ್ತೆಯ ವಿಮಾನ ನಿಲ್ದಾಣದಿಂದ ಗೋವೆಯ ಮೋಪಾಕ್ಕೆ 2025ರ ಜೂನ್ 9ರಂದು ವಿಮಾನ ಶುರುವಾದಾಗ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಒಂದೇ ಮಾತು: 'ಇನ್ನ ತಾಸಿನಾಗ ಗೋವಾ'. ಮಾತು ಸುಳ್ಳಲ್ಲ. ಆದರೆ ಅದು ವಿಮಾನದ ಲೆಕ್ಕ. ಗಂಟು ಹೊತ್ತು ಮನೆ ಬಿಡುವವರ ಲೆಕ್ಕ ಬೇರೆಯೇ ಇದೆ.

ಎರಡೂ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 305 ಕಿ.ಮೀ. ಈ ಮಾರ್ಗಕ್ಕೆ ಹಾಕಿದ್ದು ಪಂಖದ ಎಟಿಆರ್ ವಿಮಾನ, ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಭಾಗಿಸಿದರೆ 37 ನಿಮಿಷ. ನೆಲದ ಮೇಲೆ ಓಡುವುದು, ಮೇಲೇರುವುದು, ಇಳಿಯುವ ಮುಂಚೆ ಸುತ್ತು ಹಾಕುವುದು ಎಲ್ಲ ಸೇರಿ ತಾಸು. ಇಲ್ಲಿಯವರೆಗೆ ತಕರಾರಿಲ್ಲ.

ಈ ಭಾಗದ ಕನ್ನಡಿಗರು ಗೋವೆಗೆ ಹೋಗುವುದು ಸಮುದ್ರ ನೋಡಲಿಕ್ಕಲ್ಲ. ಮಗ ಅಲ್ಲಿ ಗೌಂಡಿ ಕೆಲಸಕ್ಕಿದ್ದಾನೆ, ಮಗಳನ್ನು ಕೊಟ್ಟಿದ್ದಾರೆ, ಬಾಣಂತನ ಇದೆ. ಹೋಗಬೇಕಾದ್ದು ವಾಸ್ಕೋ, ಬೈನಾ, ಜುವಾರಿನಗರಕ್ಕೆ. ಮೋಪಾ ಇರುವುದು ಗೋವೆಯ ಬಡಗು ತುದಿಯ ಪೆಡ್ಣೆ ತಾಲೂಕಿನಲ್ಲಿ. ಅಲ್ಲಿಂದ ವಾಸ್ಕೋ 60 ಕಿ.ಮೀ.ಗೂ ಮೇಲೆ. ವಾಸ್ಕೋದ ಮಗ್ಗುಲಲ್ಲೇ ದಾಬೋಳಿ ವಿಮಾನ ನಿಲ್ದಾಣ ಇದೆ, ಆದರೆ ಈ ವಿಮಾನ ಅಲ್ಲಿ ಇಳಿಯುವುದಿಲ್ಲ!

ಇತ್ತ ಅಕ್ಕಲಕೋಟೆಯಿಂದ ಎಸ್.ಟಿ. ಹಿಡಿದರೆ ಅದು ಒಯ್ಯುವುದು ಸೊಲ್ಲಾಪುರ ಸ್ಟ್ಯಾಂಡಿಗೆ. ಅಲ್ಲಿಂದ ರಿಕ್ಷಾ ಮಾಡಿ ಹೋಟಗಿ ರಸ್ತೆಗೆ ವಾಪಸ್. ಒಂದೂವರೆ ತಾಸು ಹೋಯಿತು. ಎರಡು ತಾಸು ಮೊದಲೇ ಬರಬೇಕೆನ್ನುವ ನಿಯಮ. ಆಚೆ ಸಾಮಾನು ಬಿಡಿಸಿಕೊಂಡು ಬಸ್ಸು ಬದಲಿಸುತ್ತ ವಾಸ್ಕೋ ಮುಟ್ಟುವಷ್ಟರಲ್ಲಿ ಆರು ತಾಸಿಗೆ ಕಡಿಮೆ ಇಲ್ಲ. ರಾತ್ರಿ ಬಸ್ಸಿನವರು ಮಲಗಿಕೊಂಡೇ ಬೆಳಗಿಗೆ ಮುಟ್ಟುತ್ತಾರೆ, ಒಂದು ದಿನದ ಪಗಾರವೂ ಉಳಿಯುತ್ತದೆ.

ಹಾಗಂತ ವಿಮಾನ ಬೇಡ ಅನ್ನುವುದು ಶಾಣ್ಯಾತನವಲ್ಲ. ಇದಕ್ಕಾಗಿ ಇಲ್ಲಿನ ಜನ ಬೆಲೆ ತೆತ್ತಿದ್ದಾರೆ. ಹಾರಾಟಕ್ಕೆ ಅಡ್ಡ ಎಂದು ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್ 15ರಂದು ಉರುಳಿಸಲಾಯಿತು. ಆ ಕಾರ್ಖಾನೆಗೆ ಕಬ್ಬು ಹಾಕುವ ರೈತರಲ್ಲಿ ಕನ್ನಡ ಮನೆಗಳೇನು ಕಡಿಮೆಯೇ? ಚಿಮಣಿ ಬಿದ್ದ ಮೇಲೆ ವಿಮಾನ ಬರಲಿಕ್ಕೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಅಷ್ಟು ಕೊಟ್ಟವರಿಗೆ ನಿಲ್ದಾಣದ ಬಾಗಿಲವರೆಗೆ ಒಂದು ಬಸ್ಸು ಕೇಳುವ ಹಕ್ಕಿಲ್ಲವೇ?

ಕೇಳುವುದು ದೊಡ್ಡದಲ್ಲ. ವಿಮಾನ ಇರುವ ದಿನ ಅಕ್ಕಲಕೋಟೆಯಿಂದ ವಳಸಂಗ ಮಾರ್ಗವಾಗಿ ನೇರ ನಿಲ್ದಾಣಕ್ಕೆ ಒಂದು ಎಸ್.ಟಿ. ಬಿಡಲಿ. ಆಚೆ ಮೋಪಾದಿಂದ ವಾಸ್ಕೋಕ್ಕೆ ವಿಮಾನದ ವೇಳೆ ನೋಡಿ ಕದಂಬ ಬಸ್ಸು ಹೊಂದಿಸಲಿ. ಮೊದಲ ಸಲ ವಿಮಾನ ಹತ್ತುವ ಮುದುಕಿಗೆ ತಿಳಿಯುವಂತೆ ನಿಲ್ದಾಣದಲ್ಲಿ ಮರಾಠಿ ಜೊತೆ ಕನ್ನಡದಲ್ಲೂ ಕೂಗಿ ಹೇಳಲಿ. ಇಷ್ಟಾದರೆ ದಾರಿಯ ತಾಸು ಸ್ವಲ್ಪವಾದರೂ ಇಳಿದೀತು.

ಜತ್ತದವರ ಪಾಡು ಮಾತ್ರ ಇದರಿಂದ ಬದಲಾಗದು. ಅವರಿಗೆ ಸೊಲ್ಲಾಪುರವೇ 100 ಕಿ.ಮೀ. ಮೇಲೆ, ಅದೂ ಗೋವೆಗೆ ಬೆನ್ನು ಮಾಡಿ ನಡೆಯುವ ದಾರಿ. ಅವರು ಬಸ್ಸನ್ನೇ ನಂಬಿಕೊಂಡಿರುವುದು ಲೇಸು.