ಜಪಾನಿನ 4 ವರ್ಷದ ಮಗು ಒಬ್ಬಳೇ ಶಾಲೆಗೆ ಹೋಗುತ್ತಾಳಾ? ಫಾರ್ವರ್ಡ್ ಮಾಡುವ ಮುನ್ನ ಓದಿ

ಹಳದಿ ಟೋಪಿ, ಬೆನ್ನಿಗೊಂದು ಬ್ಯಾಗ್. ಸ್ವಚ್ಛವಾದ ರಸ್ತೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ನಡೆದು ಹೋಗುತ್ತಾಳೆ, ಹಿಂತಿರುಗಿ ಒಮ್ಮೆ ನಗುತ್ತಾಳೆ. ಕೆಳಗೆ ಹೀಗೆ ಬರೆದಿತ್ತು: "ಜಪಾನಿನಲ್ಲಿ 4 ವರ್ಷದ ಮಕ್ಕಳೂ ಒಬ್ಬರೇ ಶಾಲೆಗೆ ಹೋಗುತ್ತಾರೆ. ನಮ್ಮ ಮಕ್ಕಳಿಗೆ ಇದನ್ನು ಕಲಿಸುವುದು ಯಾವಾಗ? ಎಲ್ಲರಿಗೂ ಶೇರ್ ಮಾಡಿ."

ಶಿರಸಿಯ ಗ್ರೂಪೊಂದರಲ್ಲಿ ಈ ವಿಡಿಯೋ ನೋಡಿ ಬೆಚ್ಚಿಬಿದ್ದೆ. ಆ ಹುಡುಗಿ ನನ್ನ ಅಕ್ಕನ ಮಗಳು. ಅವಳು ನಕ್ಕಿದ್ದು, ನಾಲ್ಕು ಹೆಜ್ಜೆ ಹಿಂದೆ ಮೊಬೈಲ್ ಹಿಡಿದು ಬರುತ್ತಿದ್ದ ಅಮ್ಮನಿಗೆ!

ಅಕ್ಕ ಅದನ್ನು ಕಳಿಸಿದ್ದು ನಮ್ಮ ಮನೆಯ ಗ್ರೂಪಿಗೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ 8:30ಕ್ಕೆ ಮಗು ಹೊರಟರೆ ಇಲ್ಲಿ ಐದು ಗಂಟೆ, ಆಯಿ ಏಳುವ ಹೊತ್ತು. (ನಮ್ಮ ಕಡೆ ಅಮ್ಮನಿಗೆ ಆಯಿ ಅನ್ನುತ್ತೇವೆ.) "ಕೂಸು ಶಾಲಿಗೆ ಹೊಂಟಿದ್ದು ನೋಡು" ಎಂದು ಆಯಿ ನೆಂಟರೊಬ್ಬರಿಗೆ ಕಳಿಸಿದಳು. ಅವರು ಇನ್ನೊಬ್ಬರಿಗೆ. ನಡುವೆ ಎಲ್ಲೋ ಆ ಅಡಿಬರಹ ಸೇರಿಕೊಂಡಿತು.

ಅಡಿಬರಹ ಎಷ್ಟು ನಿಜ?

ಅರ್ಧ ಮಾತ್ರ. ಜಪಾನಿನಲ್ಲಿ ಪ್ರಾಥಮಿಕ ಶಾಲೆ ಶುರುವಾಗುವುದು 6 ವರ್ಷ ತುಂಬಿದ ಮೇಲೆ. ಆ ಮಕ್ಕಳು ದೊಡ್ಡವರಿಲ್ಲದೆ ನಡೆದು ಹೋಗುವುದು ಸಾಮಾನ್ಯ. ಹಲವು ಕಡೆ ಅಕ್ಕಪಕ್ಕದ ಮನೆಯ ಮಕ್ಕಳು ಗುಂಪಾಗಿ ಹೋಗುತ್ತಾರೆ, ರಸ್ತೆ ದಾಟಿಸಲು ಸ್ವಯಂಸೇವಕರು ನಿಂತಿರುತ್ತಾರೆ. ಅದಕ್ಕಿಂತ ಚಿಕ್ಕವರನ್ನು ಶಿಶುವಿಹಾರಕ್ಕೆ ಮನೆಯವರೇ ಬಿಡುತ್ತಾರೆ, ಇಲ್ಲವೇ ಬಸ್ ಬರುತ್ತದೆ.

ಪುಟಾಣಿಗಳು ಒಬ್ಬರೇ ಅಂಗಡಿಗೆ ಹೋಗಿಬರುವ ಜಪಾನಿ ಟಿವಿ ಕಾರ್ಯಕ್ರಮವೊಂದಿದೆ. 1991ರಿಂದ ಬರುತ್ತಿರುವ ಇದು 2022ರಲ್ಲಿ 'ಓಲ್ಡ್ ಎನಫ್' ಎಂಬ ಹೆಸರಿನಲ್ಲಿ ನೆಟ್‌ಫ್ಲಿಕ್ಸ್‌ಗೂ ಬಂತು. ಅದರಲ್ಲೂ ಕ್ಯಾಮೆರಾದವರು ವೇಷ ಮರೆಸಿಕೊಂಡು ಮಗುವಿನ ಹಿಂದೆಯೇ ಇರುತ್ತಾರೆ.

ಎನ್‌ಕ್ರಿಪ್ಷನ್ ಇದೆಯಲ್ಲ, ಇನ್ನೇನು ಭಯ?

ಇದು ದೊಡ್ಡ ತಪ್ಪು ತಿಳಿವಳಿಕೆ. ವಾಟ್ಸಾಪ್‌ನ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಕಾಯುವುದು ದಾರಿಯನ್ನು. ನಡುವೆ ಯಾರೂ ಕದ್ದು ನೋಡಲಾಗದು, ಅಷ್ಟೇ. ತಲುಪಿದ ಮೇಲೆ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಪ್ರತಿ ಇರುತ್ತದೆ. ಅಕ್ಕ 'ಎಲ್ಲರಿಗೂ ಡಿಲೀಟ್' ಒತ್ತಿದರೂ, ಆಗಲೇ ಫಾರ್ವರ್ಡ್ ಆದದ್ದು, ಸೇವ್ ಆದದ್ದು ಹಾಗೆಯೇ ಉಳಿಯುತ್ತದೆ.

ಕಾನೂನು? ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ಕ್ಕಿಂತ ಕೆಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಕಂಪನಿಗಳು ಪೋಷಕರ ಒಪ್ಪಿಗೆ ಪಡೆಯಬೇಕು. ಆದರೆ ವ್ಯಕ್ತಿಗಳು ಸ್ವಂತಕ್ಕೆ, ಮನೆಯ ಮಟ್ಟಿಗೆ ಮಾಡುವ ಬಳಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಮನೆಯ ಗ್ರೂಪಿಗೆ ಮನೆಯವರೇ ಕಾವಲು.

ಇಷ್ಟಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು?

2018 ನೆನಪಿಸಿಕೊಳ್ಳಿ. ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಪಾಕಿಸ್ತಾನದಲ್ಲಿ ಮಾಡಿದ್ದ ವಿಡಿಯೋ ಒಂದರ ಕೊನೆಯ ಭಾಗ ಕತ್ತರಿಸಿ, ಅದು ನಿಜವಾದ ಅಪಹರಣ ಎಂಬಂತೆ ಭಾರತದಲ್ಲಿ ಹಂಚಲಾಯಿತು. ಮಕ್ಕಳ ಕಳ್ಳರ ವದಂತಿ ದೇಶದ ಹಲವೆಡೆ ಜೀವ ತೆಗೆಯಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗುಂಪಿನ ಮೇಲೆ ಜನ ಮುಗಿಬಿದ್ದರು. ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಸತ್ತರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5 ಚಾಟ್‌ಗಳಿಗೆ ಇಳಿಸುವುದಾಗಿ ಹೇಳಿತು.

ನಮ್ಮ ಕೂಸಿನ ವಿಡಿಯೋಗೆ ಸೇರಿದ್ದು ಹೊಗಳಿಕೆಯ ಅಡಿಬರಹ. ಬೇರೆಯದೂ ಸೇರಬಹುದಿತ್ತು. ಜೊತೆಗೆ ಅವಳು ತಿರುಗಿ ನಕ್ಕಾಗ, ಎದೆಯ ಬ್ಯಾಡ್ಜಿನಲ್ಲಿದ್ದ ಹೆಸರೂ ಕಾಣುತ್ತಿತ್ತು.

ಜಪಾನಿನಿಂದ ಕಲಿಯುವುದಾದರೆ ಇದನ್ನೇ ಕಲಿಯಬಹುದು. ದಾರಿಯಲ್ಲಿ ಅಪರಿಚಿತರು ಹೆಸರು ಓದಬಾರದೆಂದು ಅಲ್ಲಿನ ಹಲವು ಶಾಲೆಗಳಲ್ಲಿ ಮಕ್ಕಳು ಹೆಸರಿನ ಬ್ಯಾಡ್ಜನ್ನು ಶಾಲೆಯಲ್ಲೇ ಬಿಟ್ಟು ಬರುತ್ತಾರೆ. ಬೇರೆಯವರ ಮಕ್ಕಳಿರುವ ಫೋಟೋವನ್ನು ಜಾಲತಾಣಕ್ಕೆ ಹಾಕಬೇಡಿ ಎಂದು ಶಿಶುವಿಹಾರಗಳು ಪೋಷಕರಿಗೆ ಹೇಳುವುದೂ ಸಾಮಾನ್ಯ.

ಹಾಗಾದರೆ ಏನೂ ಕಳಿಸಬಾರದಾ?

ಅಕ್ಕ ಹೆದರಿ ಒಂದು ವಾರ ಏನೂ ಕಳಿಸಲಿಲ್ಲ. ಆಯಿ ಐದಕ್ಕೆ ಎದ್ದು ಮೊಬೈಲ್ ನೋಡಿ, ಮಾತಾಡದೆ ಕೆಳಗಿಡುತ್ತಿದ್ದಳು. ಮಕ್ಕಳೆಲ್ಲ ದೂರದ ಊರು ಸೇರಿದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಆ ಒಂದು ನಿಮಿಷದ ವಿಡಿಯೋ ಎಂದರೆ ಏನೆಂದು ಇಲ್ಲಿಯವರಿಗೆ ಗೊತ್ತು. ನಿಲ್ಲಿಸುವುದು ಪರಿಹಾರವಲ್ಲ. ನಮ್ಮ ಮನೆಯಲ್ಲಿ ಈಗ ಹೀಗೆ ಮಾಡುತ್ತಿದ್ದೇವೆ:

• ಸಾಧ್ಯವಾದಷ್ಟು ವಿಡಿಯೋ ಕಾಲ್. ಅದು ತಾನಾಗಿ ಫೈಲ್ ಆಗಿ ಉಳಿಯುವುದಿಲ್ಲ.
• ಕಳಿಸುವ ವಿಡಿಯೋದಲ್ಲಿ ಬ್ಯಾಡ್ಜ್, ಶಾಲೆಯ ಬೋರ್ಡ್, ಮನೆಯ ನಂಬರ್ ಕಾಣದಂತೆ ನೋಡಿಕೊಳ್ಳುವುದು.
• ಒಮ್ಮೆ ನೋಡಿದರೆ ಸಾಕು ಅನ್ನುವುದಕ್ಕೆ 'ವ್ಯೂ ಒನ್ಸ್'. ಅದನ್ನು ಫಾರ್ವರ್ಡ್ ಮಾಡಲಾಗದು. ಆದರೆ ಇನ್ನೊಂದು ಮೊಬೈಲಿನಲ್ಲಿ ಫೋಟೋ ತೆಗೆಯಬಹುದು ಎಂಬುದು ನೆನಪಿರಲಿ.
• ಮನೆಯ ಗ್ರೂಪಿನಿಂದ ಹೊರಗೆ ಕಳಿಸುವ ಮುನ್ನ ಮಗುವಿನ ಅಪ್ಪ-ಅಮ್ಮನನ್ನು ಕೇಳುವುದು.

ಗೊತ್ತಿಲ್ಲದ ಮಗುವಿನ ವಿಡಿಯೋ ನಿಮ್ಮ ಮೊಬೈಲಿಗೆ ಬಂದರೆ ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದನ್ನು ತೆಗೆದವರು ಯಾರು, ಯಾರು ನೋಡಲಿ ಎಂದು ತೆಗೆದರು? ಉತ್ತರ ಗೊತ್ತಿಲ್ಲದಿದ್ದರೆ ಅದು ನಿಮ್ಮಲ್ಲೇ ನಿಲ್ಲಲಿ.