ತಳಿತಜ್ಞರ ತರಬೇತಿ ನಮ್ಮ ವಿಷಯವೂ ಹೌದು

ಶೃಂಗೇರಿ, ಕೊಪ್ಪ, ಸುಳ್ಯ ತಾಲ್ಲೂಕಿನ ಸಂಪಾಜೆ ಕಡೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಹಾಳುಮಾಡುತ್ತಿದೆ. ರೋಗ ತಡೆಯುವ ತಳಿ ಯಾವಾಗ ಸಿಗುತ್ತದೆ ಎಂಬುದು ಬೆಳೆಗಾರರು ಸೇರಿದಲ್ಲೆಲ್ಲ ಬರುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದವರು ಇಂದು ವಿಶ್ವವಿದ್ಯಾನಿಲಯಗಳಲ್ಲಿ ತಳಿವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವ ಯುವಕ ಯುವತಿಯರು. ಅವರು ಹೇಗೆ ತಯಾರಾಗುತ್ತಿದ್ದಾರೆಂಬುದು ನಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರುವುದು ಸರಿಯಲ್ಲ.

ಈ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಅದನ್ನು ಹರಡುವುದು ರಸ ಹೀರುವ ಕೀಟ. ನರಳುವುದು ಅಡಿಕೆ ಮರ. ಸೂಕ್ಷ್ಮಜೀವಿ ರೋಗಶಾಸ್ತ್ರ ವಿಭಾಗಕ್ಕೆ, ಕೀಟ ಕೀಟಶಾಸ್ತ್ರಕ್ಕೆ, ಮರ ತೋಟಗಾರಿಕೆಗೆ ಸೇರಿದ್ದು. ಆದರೆ ತೋಟದಲ್ಲಿ ಈ ಮೂರೂ ಒಂದೇ ಬುಡದಲ್ಲಿವೆ.

ಕಾಫಿಯ ಕಥೆಯೂ ಇದೇ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಎಸ್. 795 ತಳಿ ನಮ್ಮನ್ನು ಬಹುಕಾಲ ಕಾಪಾಡಿತು. ಲೈಬೀರಿಕಾ ಕಾಫಿಯಿಂದ ಬಂದ ಗುಣ ಎಲೆ ತುಕ್ಕನ್ನು ತಡೆದಿತ್ತು. ತುಕ್ಕಿನ ಶಿಲೀಂಧ್ರ ಹೊಸ ರೂಪ ತಾಳಿದಾಗ ಆ ಶಕ್ತಿ ಕುಂದಿತು. ಗಿಡವನ್ನಷ್ಟೇ ಬಲ್ಲವರಿಗೆ ಶಿಲೀಂಧ್ರದ ಮುಂದಿನ ಹೆಜ್ಜೆ ತಿಳಿಯುವುದಿಲ್ಲ.

ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಬೇರೊಂದು ಕ್ರಮವಿದೆ. ಅಲ್ಲಿ ತಳಿವಿಜ್ಞಾನದ ವಿದ್ಯಾರ್ಥಿ ಒಂದು ವಿಭಾಗಕ್ಕಲ್ಲ, ಹಲವು ವಿಭಾಗಗಳ ಅಧ್ಯಾಪಕರು ಸೇರಿ ನಡೆಸುವ ಕೂಟಕ್ಕೆ ಸೇರುತ್ತಾನೆ. ಮೊದಲ ವರ್ಷ ಹಲವು ಪ್ರಯೋಗಾಲಯಗಳಲ್ಲಿ ಸರದಿಯಂತೆ ದುಡಿದು, ಆಮೇಲೆ ಮಾರ್ಗದರ್ಶಕರನ್ನು ಆರಿಸಿಕೊಳ್ಳುತ್ತಾನೆ. 2017ರಲ್ಲಿ ಅರೇಬಿಕಾ ಕಾಫಿಯ ವಂಶವಾಹಿಗಳ ಪೂರ್ಣ ಲಿಪಿಯನ್ನು ಮೊದಲ ಬಾರಿಗೆ ಎಲ್ಲರಿಗೂ ಮುಕ್ತವಾಗಿ ಒದಗಿಸಿದ್ದು ಇದೇ ವಿಶ್ವವಿದ್ಯಾನಿಲಯದ ತಂಡ. ತಂಡದಲ್ಲಿದ್ದವರು ಪಶುವಿಜ್ಞಾನದ ಹುವಾನ್ ಮೆಡ್ರಾನೊ, ಬೀಜ ತಂತ್ರಜ್ಞಾನದ ಅಲೆನ್ ವ್ಯಾನ್ ಡೈನ್ಜ್, ದ್ರಾಕ್ಷಿ ವಿಭಾಗದ ಡಾರಿಯೋ ಕಾಂಟು ಮೊದಲಾದವರು. ದನದ ತಳಿ ಬಲ್ಲವರು ಕಾಫಿಗೂ ಕೈಹಾಕಿದರು!

ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲೂ ಸಲಹಾ ಸಮಿತಿಗೆ ಬೇರೆ ವಿಭಾಗದವರನ್ನು ಸೇರಿಸುವ ಪದ್ಧತಿಯಿದೆ. ಇದು ಒಳ್ಳೆಯದೇ. ಆದರೆ ಸಮಿತಿಯಲ್ಲಿ ಕುಳಿತು ಸಹಿ ಹಾಕುವುದು ಬೇರೆ, ವಿದ್ಯಾರ್ಥಿ ಆ ವಿಭಾಗದಲ್ಲಿ ಕೈಯಾರೆ ಕೆಲಸ ಕಲಿಯುವುದು ಬೇರೆ. ಹತ್ತು ಕಡೆ ಓಡಾಡಿದರೆ ಒಂದರಲ್ಲೂ ಆಳವಿರುವುದಿಲ್ಲ ಎಂದು ಕೆಲವರು ಹೇಳಬಹುದು. ಆಳ ಬೇಡವೆಂದು ನಾವೂ ಹೇಳುವುದಿಲ್ಲ. ಬಾವಿ ತೋಡುವ ಮುನ್ನ ಜಾಗ ನೋಡಿಕೊಳ್ಳಲಿ ಎಂಬುದಷ್ಟೇ ನಮ್ಮ ಮಾತು.

ಆದುದರಿಂದ ತಳಿವಿಜ್ಞಾನದ ಪ್ರತಿ ಸಂಶೋಧನಾ ವಿದ್ಯಾರ್ಥಿಯೂ ಮೊದಲ ವರ್ಷ ರೋಗಶಾಸ್ತ್ರ, ಕೀಟಶಾಸ್ತ್ರ ಮತ್ತು ಅಂಕಿಅಂಶ ವಿಭಾಗಗಳಲ್ಲಿ ಕೆಲಸ ಮಾಡಲಿ. ಒಂದು ಮಳೆಗಾಲದಿಂದ ಕೊಯ್ಲಿನವರೆಗೆ ಸಣ್ಣ ಬೆಳೆಗಾರರ ತೋಟದಲ್ಲಿ ಇರಲಿ. ಅಡಿಕೆ ಸಸಿ ಫಸಲಿಗೆ ಬರಲು 5-6 ವರ್ಷ ಬೇಕು, ಒಬ್ಬನ ಪಿಎಚ್.ಡಿ. ಅದಕ್ಕೂ ಮೊದಲೇ ಮುಗಿಯಬಹುದು. ಹಾಗಾಗಿ ಒಬ್ಬನು ಬಿಟ್ಟ ಕೆಲಸವನ್ನು ಮುಂದಿನವನು ಹಿಡಿಯುವಂತೆ ವಿಭಾಗಗಳು ಸೇರಿ ದಾಖಲೆ ಇಡಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಸುತ್ತಲಿನ ಮರಗಳೆಲ್ಲ ಹಳದಿಯಾದರೂ ಹಸಿರಾಗಿಯೇ ನಿಂತ ಮರ ಯಾರ ತೋಟದಲ್ಲಾದರೂ ಇದ್ದರೆ ಅದನ್ನು ಕಡಿಯಬೇಡಿ. ಗುರುತು ಹಾಕಿ ಸಂಶೋಧನಾ ಕೇಂದ್ರದವರಿಗೆ ತಿಳಿಸಿ. ನಾಳಿನ ತಳಿಗೆ ಬೇಕಾದ ಗುಣ ಅದರಲ್ಲೇ ಇರಬಹುದು.