ತ್ಯಾಗಕ್ಕೊಂದು ಪರಿಮಾಣ

ಭೂಮಿಯ ತಾಪವನ್ನು ತಡೆಯಲು ಏನನ್ನಾದರೂ ಬಿಡುವಿರಾ ಎಂದು ಕೇಳಿದರೆ ‘ಇಲ್ಲ’ ಎನ್ನುವವರು ವಿರಳ. ಏನನ್ನು, ಎಷ್ಟು, ಎಂದಿನಿಂದ ಎಂದು ಕೇಳಿದೊಡನೆ ಮಾತು ಚೀನಾ, ಅಮೆರಿಕಗಳತ್ತ ಹೊರಳುತ್ತದೆ. 2015ರ ಪ್ಯಾರಿಸ್ ಒಪ್ಪಂದವು ತಾಪದ ಏರಿಕೆಯನ್ನು ಔದ್ಯಮಿಕ ಯುಗಕ್ಕೆ ಮುಂಚಿನ ಮಟ್ಟದಿಂದ 1.5 ಡಿಗ್ರಿಯೊಳಗೆ ನಿಲ್ಲಿಸಲು ಯತ್ನಿಸಬೇಕೆಂದಿತು. 2024ರ ಸರಾಸರಿ ಆ ಗೆರೆಯನ್ನು ದಾಟಿತು. ಒಂದು ವರ್ಷದ ಲೆಕ್ಕದಿಂದ ಒಪ್ಪಂದವೇ ಮುರಿಯಿತೆನ್ನಲಾಗದು; ಆದರೆ ‘ಸಿದ್ಧ’ ಎಂಬ ಸವಿಮಾತಿನಿಂದ ಒಂದು ಕೂದಲೆಳೆಯಷ್ಟೂ ತಾಪ ಇಳಿದಿಲ್ಲವೆಂಬುದಂತೂ ಸ್ಪಷ್ಟ.

ಬಿಡುವ ಸಂಕಲ್ಪಕ್ಕೂ ಬಿಡುವ ಕ್ರಿಯೆಗೂ ನಡುವಿನ ಈ ಕಂದಕವನ್ನು ಶ್ರಾವಕಾಚಾರ ಗ್ರಂಥಗಳು ಚೆನ್ನಾಗಿ ಬಲ್ಲವು. ಅವು ಗೃಹಸ್ಥನಿಗಾಗಿ ಹುಟ್ಟಿದ ಗ್ರಂಥಗಳು. ಎಲ್ಲವನ್ನೂ ತೊರೆದ ಮುನಿಗೆ ಅಳತೆಯ ಹಂಗಿಲ್ಲ. ಹೊಲ, ಮನೆ, ಅಂಗಡಿ, ಮಕ್ಕಳ ಮದುವೆ ಇರುವವನಿಗೆ ಅಳತೆಯೇ ಧರ್ಮ. ಆದ್ದರಿಂದಲೇ ಅಲ್ಲಿ ಮತ್ತೆ ಮತ್ತೆ ಬರುವ ಪದ ತ್ಯಾಗವಲ್ಲ, ಪರಿಮಾಣ. ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳುವ ಗುಣವ್ರತಗಳು ಮೂರು: ದಿಗ್ವ್ರತ, ಅನರ್ಥದಂಡವಿರತಿ, ಭೋಗೋಪಭೋಗ ಪರಿಮಾಣ. ದಿಗ್ವ್ರತವೆಂದರೆ ಒಂದೊಂದು ದಿಕ್ಕಿನಲ್ಲಿಯೂ ಇಷ್ಟರಿಂದಾಚೆಗೆ ಹೋಗೆನೆಂದು ಗೊತ್ತುಮಾಡಿಕೊಳ್ಳುವುದು. ಆ ಗಡಿ ಮನಸ್ಸಿನ ಗಡಿಯಲ್ಲ. ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನ ಎಂದು ಎಲ್ಲರಿಗೂ ತಿಳಿದ ಗುರುತುಗಳಿಂದ ಅದನ್ನು ಹೇಳಬೇಕು. ಭೋಗೋಪಭೋಗದಲ್ಲಿ ಊಟ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ಬಟ್ಟೆ, ಒಡವೆಗಳವರೆಗೆ ಪಟ್ಟಿಯಿದೆ. ಬಿಡುವ ಅವಧಿಗೂ ಲೆಕ್ಕವಿದೆ. ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ. ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಅನರ್ಥದಂಡದಲ್ಲಿ ಬರುವ ಪ್ರಮಾದಚರ್ಯೆಯ ವಿವರಣೆಯಂತೂ ಇಂದಿನ ಪರಿಸರ ಕೈಪಿಡಿಯಂತಿದೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಕಲಕುವುದು, ಗಿಡ ಕಡಿಯುವುದು, ಸುಮ್ಮನೆ ಅಲೆಯುವುದು, ಇತರರನ್ನು ಅಲೆಸುವುದು.

ಹಾಗೆಂದು ಪ್ರಾಚೀನ ಆಚಾರ್ಯರು ಇಂಗಾಲದ ಡೈಆಕ್ಸೈಡನ್ನು ಕಂಡಿದ್ದರೆಂದು ಸಾರುವ ಉತ್ಸಾಹ ಬೇಡ. ಅವರ ಕಾಳಜಿ ಹಿಂಸೆಯದು, ಆಸಕ್ತಿಯದು. ಇಲ್ಲಿ ಪ್ರಸ್ತುತವಾಗುವುದು ಅವರು ಮನುಷ್ಯನ ನುಣುಚಿಕೊಳ್ಳುವ ಬುದ್ಧಿಯನ್ನು ಕಂಡ ಬಗೆ. ಪ್ರತಿ ವ್ರತಕ್ಕೂ ಐದು ಅತಿಚಾರಗಳನ್ನು ಅವರು ಬರೆದಿಟ್ಟಿದ್ದಾರೆ. ಅತಿಚಾರವೆಂದರೆ ವ್ರತಭಂಗವಲ್ಲ; ವ್ರತ ಉಳಿದಿದೆಯೆಂದು ತೋರಿಸುತ್ತಲೇ ಅದರ ತಿರುಳನ್ನು ತಿನ್ನುವುದು. ದಿಗ್ವ್ರತದ ಅತಿಚಾರಗಳು ಮೇಲಕ್ಕೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಕ್ಕೆ ಮೀರುವುದು, ಗಡಿಯನ್ನು ಹಿಗ್ಗಿಸುವುದು, ಗಡಿಯನ್ನೇ ಮರೆಯುವುದು. (ಮೇಲಕ್ಕೆ ಎಂದಾಗ ಬೆಟ್ಟವಷ್ಟೇ ಕಣ್ಣ ಮುಂದಿತ್ತು, ವಿಮಾನ ಬಂದ ಮೇಲೆ ಆ ಅತಿಚಾರಕ್ಕೆ ತಕ್ಕ ಎತ್ತರ ದೊರೆತಿದೆ.) 2020ರ ಜನವರಿಯಿಂದ ಭಾರತದಲ್ಲಿ ತಾರಾಂಕಿತ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕು. ಗೆರೆಯನ್ನು ಸರ್ಕಾರ ಎಳೆಯಿತು. ರಿಮೋಟು ಕೈಗೆ ಬಂದ ಮೊದಲ ಸಂಜೆಯೇ ಅದನ್ನು ಮರೆಯಲು ಅಡ್ಡಿಯೇನೂ ಇಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ದೇಶವ್ರತದ ‘ಆನಯನ’. ದೇಶವ್ರತಿಯು ಕೆಲವು ಕಾಲ ಒಂದು ಊರಿಗೋ ಮನೆಗೋ ತನ್ನನ್ನು ಸೀಮಿತಗೊಳಿಸಿಕೊಂಡಿದ್ದಾನೆ. ಗಡಿಯನ್ನು ಅವನು ದಾಟುವುದಿಲ್ಲ. ಆಚೆಯಿಂದ ಬೇಕಾದದ್ದನ್ನು ತರಿಸಿಕೊಳ್ಳುತ್ತಾನೆ. ಆಳನ್ನು ಕಳುಹಿಸುತ್ತಾನೆ, ಕೆಮ್ಮಿ ಕರೆಯುತ್ತಾನೆ, ಮುಖ ತೋರಿಸಿ ಸನ್ನೆ ಮಾಡುತ್ತಾನೆ, ಕಲ್ಲೆಸೆದು ಗಮನ ಸೆಳೆಯುತ್ತಾನೆ. ಕಾಲು ಗಡಿಯೊಳಗಿದೆ, ಆಸೆ ಹೊರಗೆ ಸಂತೆಯಲ್ಲಿದೆ. ಬ್ರಿಟನ್ ದೇಶವು 1990ರಿಂದೀಚೆಗೆ ತನ್ನ ನೆಲದ ಮೇಲಿನ ಹಸಿರುಮನೆ ಅನಿಲಗಳನ್ನು ಅರ್ಧದಷ್ಟು ಇಳಿಸಿದೆ. ಕಲ್ಲಿದ್ದಲನ್ನು ಕೈಬಿಟ್ಟದ್ದು ನಿಜವಾದ ಸಾಧನೆಯೇ. ಆದರೆ ಹೊರಗಿನಿಂದ ಬರುವ ಬಟ್ಟೆ, ಉಕ್ಕು, ಯಂತ್ರಗಳ ತಯಾರಿಕೆಯಲ್ಲಿ ಹೊಮ್ಮಿದ ಹೊಗೆ ಆ ಲೆಕ್ಕದಲ್ಲಿಲ್ಲ. ಅದು ತಯಾರಿಸಿದ ದೇಶದ ಖಾತೆಗೆ ಸೇರುತ್ತದೆ. ಬೆಂಗಳೂರಿನಲ್ಲಿ ಕಾರು ಮಾರಿದೆನೆಂದು ಹೆಮ್ಮೆಪಡುತ್ತ, ದಿನಕ್ಕೆ ಮೂರು ಸಲ ಮೊಬೈಲಿನಲ್ಲಿ ಸಾಮಾನು ತರಿಸಿಕೊಳ್ಳುವ ಗೃಹಸ್ಥನದೂ ಇದೇ ಆನಯನ.

ಜನ ತ್ಯಾಗಕ್ಕೆ ಒಪ್ಪುವುದೇ ಇಲ್ಲವೆಂಬ ನಿರಾಶೆಗೆ ಇತಿಹಾಸ ಪೂರ್ತಿ ಸಾಕ್ಷಿ ಹೇಳುವುದಿಲ್ಲ. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಧಾನ್ಯದ ಕೊರತೆಯ ಹೊತ್ತಿನಲ್ಲಿ ಸೋಮವಾರದ ರಾತ್ರಿಯೂಟ ಬಿಡಬೇಕೆಂದು ಕೇಳಿದಾಗ ಅಸಂಖ್ಯ ಮನೆಗಳು ಒಲೆ ಹಚ್ಚಲಿಲ್ಲ, ಹೋಟೆಲುಗಳು ಬಾಗಿಲು ಹಾಕಿದವು. 2015ರಲ್ಲಿ ಆರಂಭವಾದ ‘ಗಿವ್ ಇಟ್ ಅಪ್’ ಕರೆಗೆ ಓಗೊಟ್ಟು ಒಂದು ಕೋಟಿಗೂ ಹೆಚ್ಚು ಮಂದಿ ಅಡುಗೆ ಅನಿಲದ ಸಬ್ಸಿಡಿ ಬಿಟ್ಟರು. ಎರಡೂ ಕಡೆ ಬಿಡಬೇಕಾದದ್ದು ಏನೆಂಬುದು ಮಗುವಿಗೂ ತಿಳಿಯುವಂತಿತ್ತು. ಒಂದು ವಾರ, ಒಂದು ಊಟ. ಒಂದು ಸಿಲಿಂಡರು, ಇಷ್ಟು ರೂಪಾಯಿ. ಫ್ರಾನ್ಸಿನಲ್ಲಿ 2018ರ ನವೆಂಬರಿನಲ್ಲಿ ಆದದ್ದು ಬೇರೆ. ಹವಾಮಾನದ ಹೆಸರಿನಲ್ಲಿ ಇಂಧನ ತೆರಿಗೆ ಏರಿಸಲು ಹೊರಟ ಸರ್ಕಾರ ಅದೇ ವರ್ಷದ ಆರಂಭದಲ್ಲಿ ಸಿರಿವಂತರ ಸಂಪತ್ತಿನ ತೆರಿಗೆಯನ್ನು ಬಹುಪಾಲು ತೆಗೆದುಹಾಕಿತ್ತು. ಕೆಲಸಕ್ಕೆ ಹೋಗಲು ಕಾರಲ್ಲದೆ ಗತಿಯಿಲ್ಲದ ಹಳ್ಳಿಗಾಡಿನವರು ಹಳದಿ ಅಂಗಿ ತೊಟ್ಟು ರಸ್ತೆಗಿಳಿದರು. ಡಿಸೆಂಬರಿನಲ್ಲಿ ತೆರಿಗೆಯ ಏರಿಕೆ ರದ್ದಾಯಿತು. ಅವರನ್ನು ಸ್ವಾರ್ಥಿಗಳೆಂದು ಹಳಿಯುವುದು ಸುಲಭ. ಪರಿಗ್ರಹವಿದ್ದವನಿಗಲ್ಲವೆ ಪರಿಗ್ರಹ ಪರಿಮಾಣ? ಜಗತ್ತಿನ ಸಿರಿವಂತ ಶೇಕಡ 10 ಮಂದಿ ಹೆಚ್ಚುಕಡಿಮೆ ಅರ್ಧದಷ್ಟು ಹೊಗೆಗೆ ಕಾರಣರಾಗಿರುವಾಗ, ಸರ್ಕಾರಿ ಬಸ್ಸಿನಲ್ಲಿ ಓಡಾಡುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ತ್ಯಾಗದ ಉಪದೇಶ ಮಾಡುವುದು ಅನ್ಯಾಯ ಮಾತ್ರವಲ್ಲ, ನಿಷ್ಪ್ರಯೋಜಕವೂ ಹೌದು. ಅವಳ ಬಳಿ ಬಿಡಲು ಏನಿದೆ?

ಭಾರತದ ತಲಾ ಹೊಗೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ ಎಂಬ ವಾದವನ್ನು ಇಲ್ಲಿ ತರುವುದು ರೂಢಿ. ಸರಾಸರಿ ಸರಿಯೇ, ಆದರೆ ಆ ಸರಾಸರಿಯ ನೆರಳಿನಲ್ಲಿ ಅಡಗಿ ಕುಳಿತವರು ಬಸ್ಸಿನ ಹೆಣ್ಣುಮಗಳಲ್ಲ. ವರ್ಷಕ್ಕೆ ನಾಲ್ಕು ವಿಮಾನಯಾನ, ಮನೆಯಲ್ಲಿ ಮೂರು ಎಸಿ, ಮಗಳ ಮದುವೆಗೆ ದೂರದ ರೆಸಾರ್ಟು. ಇಂಥ ಮನೆಗಳಲ್ಲಿ ಶ್ರಾವಕರ ಮನೆಗಳೂ ಸಾಕಷ್ಟಿವೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ, ನೀರು ಸೋಸಿ ಕುಡಿಯುವ ಶಿಸ್ತು ಅಲ್ಲಿ ಉಳಿದಿದೆ. ದಿಗ್ವ್ರತ ಮಾತ್ರ ಪಾಠಶಾಲೆಯ ಪರೀಕ್ಷೆಗೆ ಬಾಯಿಪಾಠ ಮಾಡುವ ಹೆಸರಾಗಿದೆ. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಹಗಲಿಡೀ ಡೀಸೆಲ್ ಜನರೇಟರು ಮೊರೆಯುತ್ತದೆ, ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿಯಾಗುತ್ತದೆ. ಗಾಳಿಯನ್ನು ವ್ಯರ್ಥವಾಗಿ ಕಲಕಬಾರದೆಂದ ಪರಂಪರೆಯ ಪೂಜೆಯಿದು.

ಚಾತುರ್ಮಾಸ್ಯದಲ್ಲಿ ಮುನಿಗಳು ಒಂದೆಡೆ ನಿಲ್ಲುತ್ತಾರೆ. ಶ್ರಾವಕರು ಅವರ ಸನ್ನಿಧಿಯಲ್ಲಿ ನಿಯಮ ತೆಗೆದುಕೊಳ್ಳುವ ವಾಡಿಕೆ ಇಂದಿಗೂ ಇದೆ. ಬದನೆಕಾಯಿ, ಆಲೂಗಡ್ಡೆ, ಹಸಿರು ಸೊಪ್ಪುಗಳ ಜೊತೆಗೆ ಇನ್ನೆರಡು ಸೇರಿದರೆ ಶಾಸ್ತ್ರಕ್ಕೆ ವಿರೋಧವೇನಿಲ್ಲ. ರಾತ್ರಿ ರೈಲು ಇರುವ ಊರಿಗೆ ನಾಲ್ಕು ತಿಂಗಳು ವಿಮಾನವಿಲ್ಲ. ಹಳೆಯದು ಹರಿಯುವವರೆಗೆ ಹೊಸ ಬಟ್ಟೆ ತರಿಸುವುದಿಲ್ಲ. ಬಾಯಿಬಿಟ್ಟು ಹೇಳಿ, ನಾಲ್ಕು ಜನರ ಎದುರು ತೆಗೆದುಕೊಳ್ಳಬೇಕು. ಮೊದಲು ಎದ್ದು ನಿಲ್ಲಬೇಕಾದವರು ಹೆಲಿಕಾಪ್ಟರಿಗೆ ಮುಂಗಡ ಕೊಡುವ ಸಮಿತಿಯವರು.